ಬ್ಯಾಗ್ ಬರಲಿಲ್ಲ, ಬಂದ ಬ್ಯಾಗಿಗೆ ಚಕ್ರ ಇಲ್ಲ, ಸೀಟಲ್ಲಿ ಮೊಣಕಾಲಿಗೆ ಜಾಗ ಇಲ್ಲ: ಏನು ಮಾಡಬಹುದು?

ಕಿಟಕಿ_ಪಕ್ಕ (ಚರ್ಚೆ ಶುರು ಮಾಡಿದವರು)

ವಿಮಾನ ಕಂಪನಿಗಳನ್ನು ಬೈಯೋಕೆ ಜಾಗ ಬೇಕಾದಷ್ಟಿದೆ. ಬೈದು ಮುಗಿದ ಮೇಲೆ ಯಾರಿಗೆ, ಯಾವ ಕಾಗದ, ಎಷ್ಟು ದಿನದೊಳಗೆ ಕೊಡಬೇಕು ಅನ್ನೋದು ಮಾತ್ರ ಒಂದೇ ಕಡೆ ಸಿಗಲ್ಲ. ಬೆಲ್ಟ್ ನಿಂತಿತು, ಬ್ಯಾಗ್ ಇಲ್ಲ: ಮೊದಲು ಏನು ಮಾಡಬೇಕು? ಚಕ್ರ ಮುರಿದಿದೆ ಅಂದರೆ "ಅದು ಸಾಮಾನ್ಯ ಸವೆತ" ಅಂತ ಕೌಂಟರಿನವರು ಕೈತೊಳೆದುಕೊಳ್ಳೋದು ಸರಿಯಾ? ದುಡ್ಡು ಕೊಟ್ಟು ಆರಿಸಿದ ಸೀಟು ನಿಜಕ್ಕೂ ಒಳ್ಳೇ ಸೀಟಾ ಅಂತ ತಿಳಿಯೋದು ಹೇಗೆ? ಅನುಭವ ಕಥನ ಬೇಡ, ಕೆಲಸಕ್ಕೆ ಬರೋ ವಿವರ ಬರೆಯಿರಿ.

ಬೆಲ್ಟ್_ನಾಲ್ಕು

ಎಲ್ಲಕ್ಕಿಂತ ಮೊದಲು: ಕಸ್ಟಮ್ಸ್ ದಾಟಿ ಹೊರಗೆ ಹೋಗಬೇಡಿ. ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡಿಸಿಕೊಳ್ಳೋದೇ ಒಂದು ದೊಡ್ಡ ಕೆಲಸ.

ಬೆಲ್ಟ್ ನಿಂತ ಮೇಲೆ ದೊಡ್ಡ ಗಾತ್ರದ ಸಾಮಾನು ಬರುವ ಬಾಗಿಲ ಹತ್ತಿರ ಒಮ್ಮೆ ನೋಡಿ. ಉದ್ದ ಪಟ್ಟಿ ನೇತಾಡುವ ಬ್ಯಾಗುಗಳನ್ನು ಕೆಲವು ಸಲ ಅತ್ತ ತಳ್ಳಿರುತ್ತಾರೆ. ನಿಮ್ಮದರ ಹಾಗೇ ಇರುವ ಒಂದು ಬ್ಯಾಗ್ ವಾರಸುದಾರರಿಲ್ಲದೆ ಸುತ್ತುತ್ತಿದ್ದರೆ ಅದರ ಟ್ಯಾಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಯಾರೋ ನಿಮ್ಮದನ್ನು ತಮ್ಮದೆಂದು ಒಯ್ದಿದ್ದರೆ ಅವರನ್ನು ಹಿಡಿಯೋ ದಾರಿ ಅದೊಂದೇ.

ಆಮೇಲೆ ಬ್ಯಾಗೇಜ್ ಕೌಂಟರ್. ಎರಡು ಮೂರು ವಿಮಾನ ಬದಲಿಸಿ ಬಂದಿದ್ದರೆ ಕೊನೆಯ ವಿಮಾನ ಯಾರದ್ದೋ ಅವರ ಕೌಂಟರ್. ತಪ್ಪು ಎಲ್ಲಿ ಆಗಿದ್ದರೂ ದೂರು ದಾಖಲಾಗೋದು ಇಲ್ಲೇ. ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಪಿಐಆರ್ ಮಾಡಿಸಬೇಕು. ಅದರ ಉಲ್ಲೇಖ ಸಂಖ್ಯೆ 10 ಅಕ್ಷರದ್ದು: ವಿಮಾನ ನಿಲ್ದಾಣದ 3 ಅಕ್ಷರ, ಕಂಪನಿಯ 2, ಆಮೇಲೆ 5 ಅಂಕಿ. "ಸಿಸ್ಟಮ್ ಡೌನ್ ಇದೆ, ಇಮೇಲ್ ಬರುತ್ತೆ ಹೋಗಿ" ಅಂದರೆ ಕೈಬರಹದಲ್ಲಾದರೂ ಬರೆಸಿ, ಸೀಲು ಹಾಕಿಸಿಕೊಳ್ಳಿ.

ಕೌಂಟರಿನಲ್ಲಿ ಚಿತ್ರಗಳಿರುವ ಒಂದು ಚಾರ್ಟ್ ತೋರಿಸ್ತಾರೆ, ಬಣ್ಣ ಮತ್ತು ಬ್ಯಾಗಿನ ಮಾದರಿ ಆರಿಸೋಕೆ. ಇಲ್ಲಿ ಅವಸರ ಬೇಡ. ಟ್ಯಾಗ್ ಕಿತ್ತುಹೋದ ಬ್ಯಾಗುಗಳನ್ನು ವರ್ಲ್ಡ್‌ಟ್ರೇಸರ್ ತಂತ್ರಾಂಶ ಹೊಂದಿಸಿ ನೋಡೋದು ಈ ವಿವರ ಹಿಡಿದೇ. "ಕಪ್ಪು ಸೂಟ್‌ಕೇಸ್, ಒಳಗೆ ಬಟ್ಟೆ" ಅಂತ ಬರೆಸಿದರೆ ಲಕ್ಷದಲ್ಲಿ ಒಂದಾಗುತ್ತೆ. ಕಂಪನಿಯ ಹೆಸರು, ಹೊರಗಿನ ಜಿಪ್ ಎಷ್ಟು, ಯಾವ ಮೂಲೆಯಲ್ಲಿ ಗೀರು, ಮುಚ್ಚಳ ತೆಗೆದ ಕೂಡಲೇ ಕಾಣುವ ವಸ್ತು ಯಾವುದು: ಇವೆಲ್ಲ ಬರೆಸಿ. ಹೊರಡುವ ಮುಂಚೆ ಮುಚ್ಚಿದ ಬ್ಯಾಗಿನದೊಂದು, ತೆರೆದ ಬ್ಯಾಗಿನದೊಂದು ಫೋಟೋ ಮೊಬೈಲಲ್ಲಿ ಇದ್ದರೆ ಈ ಕೆಲಸ ಬೇಗ ಮುಗಿಯುತ್ತೆ.

ಹತ್ತಂಕಿ_ಟ್ಯಾಗ್

ಬೆಲ್ಟ್_ನಾಲ್ಕು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಚೆಕ್-ಇನ್‌ನಲ್ಲಿ ಕೊಡುವ ಸಣ್ಣ ಸ್ಟಿಕರ್ ಇದೆಯಲ್ಲ, ಅದರ ಮೇಲಿನ 10 ಅಂಕಿಯೇ ನಿಮ್ಮ ಬ್ಯಾಗಿನ ಗುರುತು. ನಡುವಿನ 3 ಅಂಕಿ, ಅಂದರೆ 2, 3, 4ನೇ ಸ್ಥಾನದವು, ಟ್ಯಾಗ್ ಹಾಕಿದ ಕಂಪನಿಯ ಸಂಕೇತ. ಕೊನೆಯ 6 ಬ್ಯಾಗಿನ ಕ್ರಮಸಂಖ್ಯೆ. ಮೊದಲ ಅಂಕಿ ಮಾಮೂಲಿ ಬ್ಯಾಗಿಗೆ 0. ಹಿಂದುಳಿದ ಬ್ಯಾಗನ್ನು ಮುಂದಿನ ವಿಮಾನಕ್ಕೆ ಹಾಕುವಾಗ ಹೊಸ ರಶ್ ಟ್ಯಾಗ್ ಹಚ್ತಾರೆ, ಅದು 2ರಿಂದ ಶುರುವಾಗುತ್ತೆ. ಆದ್ದರಿಂದ ಫೋನ್ ಮಾಡಿದಾಗ "ಬ್ಯಾಗ್ ಎಲ್ಲಿ?" ಅನ್ನೋದರ ಬದಲು "ರಶ್ ಟ್ಯಾಗ್ ಆಗಿದೆಯಾ, ನಂಬರ್ ಏನು, ಯಾವ ವಿಮಾನಕ್ಕೆ?" ಅಂತ ಕೇಳಿ. ಆ ನಂಬರ್ ಸಿಕ್ಕಿತು ಅಂದರೆ ಬ್ಯಾಗ್ ಪತ್ತೆಯಾಗಿ ಸಿಬ್ಬಂದಿಯ ಕೈಯಲ್ಲಿದೆ ಅಂತ ಅರ್ಥ. ಸಿಗದಿದ್ದರೆ ಇನ್ನೂ ಹುಡುಕ್ತಾ ಇದ್ದಾರೆ.

ಇನ್ನೊಂದು ಪ್ರಶ್ನೆ: "ಕೊನೆಯ ಸ್ಕ್ಯಾನ್ ಎಲ್ಲಿ, ಎಷ್ಟು ಗಂಟೆಗೆ?" ಐಎಟಿಎ (ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘ) ಮಾಡಿದ 753ನೇ ನಿರ್ಣಯ 2018ರ ಜೂನ್‌ನಿಂದ ಜಾರಿಯಲ್ಲಿದೆ. ಅದರಂತೆ ಸದಸ್ಯ ಕಂಪನಿಗಳು ನಾಲ್ಕು ಕಡೆ ಬ್ಯಾಗಿನ ಲೆಕ್ಕ ಇಡಬೇಕು: ಪ್ರಯಾಣಿಕರಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ವರ್ಗಾವಣೆಗೆ ಕೊಟ್ಟಾಗ, ಪ್ರಯಾಣಿಕರಿಗೆ ಮರಳಿಸಿದಾಗ. ಈ ಪ್ರಶ್ನೆ ಕೇಳಿದವರಿಗೆ "ಹುಡುಕಾಟ ಮುಂದುವರಿದಿದೆ" ಅನ್ನೋ ಸಿದ್ಧ ಉತ್ತರ ಕೊಡೋದು ಅಷ್ಟು ಸುಲಭ ಅಲ್ಲ.

ನೀಲಿ_ಟ್ರಾಲಿ

ಬ್ಯಾಗ್ ಎಲ್ಲಿದೆ ಅಂತ ತೋರಿಸುವ ಆಪಲ್‌ನ ಪುಟ್ಟ ಟ್ರ್ಯಾಕರ್ ಏರ್‌ಟ್ಯಾಗ್ ಹಾಕಿದರೆ ಇಷ್ಟೆಲ್ಲ ತಲೆನೋವು ಯಾಕೆ? ಫೋನಲ್ಲೇ ಕಾಣುತ್ತಲ್ಲ.

ಹತ್ತಂಕಿ_ಟ್ಯಾಗ್

ಕಾಣುತ್ತೆ, ಆದರೆ ನಿಮಗೆ ಕಂಡರೆ ಸಾಲದು, ಬ್ಯಾಗ್ ಎತ್ತುವವರಿಗೆ ಕಾಣಬೇಕು. ಆಪಲ್ ಐಒಎಸ್ 18.2ರಿಂದ ವಸ್ತು ಇರುವ ಜಾಗದ ಲಿಂಕ್ ಹಂಚಬಹುದು. ಅದನ್ನು ಸ್ವೀಕರಿಸುವ ಕಂಪನಿಗಳು ಪಿಐಆರ್ ಜೊತೆಗೇ ಜೋಡಿಸಿಕೊಳ್ತವೆ. ಲಿಂಕ್ 7 ದಿನಕ್ಕೆ ತಾನಾಗಿ ಮುಗಿಯುತ್ತೆ, ಬ್ಯಾಗ್ ಇನ್ನೂ ಬಂದಿಲ್ಲದಿದ್ದರೆ ಹೊಸದು ಕಳಿಸಬೇಕು. ಸ್ವೀಕರಿಸದ ಕಂಪನಿಯಾದರೆ ಸ್ಥಳ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್ ಇಮೇಲಿಗೆ ಲಗತ್ತಿಸಿ.

ಒಂದು ಮಿತಿ ನೆನಪಿರಲಿ. ಇಂಥ ಟ್ರ್ಯಾಕರಿನಲ್ಲಿ ಜಿಪಿಎಸ್ ಇಲ್ಲ, ಹತ್ತಿರ ಹಾದುಹೋಗುವ ಫೋನುಗಳೇ ಅದರ ಕಣ್ಣು. ಬೀಗ ಹಾಕಿದ ಗೋದಾಮಿನ ಮೂಲೆಯಲ್ಲಿ ಗಂಟೆಗಟ್ಟಲೆ ಸುದ್ದಿ ಇರಲ್ಲ. ಹಾಗಂದ ಮಾತ್ರಕ್ಕೆ ಕಳುವಾಯಿತು ಅಂತಲ್ಲ.

ಕಲಂ_ಹದಿನೇಳು

ಕಾನೂನಿನ ಭಾಗ ನಾನು ಬರೀತೀನಿ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ (ಹೆಚ್ಚಿನ ದೇಶಗಳು ಸೇರಿವೆ). ಒಂದೇ ದೇಶದೊಳಗಿನ ಪ್ರಯಾಣಕ್ಕೆ ಆಯಾ ದೇಶದ ನಿಯಮ, ಅದು ಬೇರೆ ಲೆಕ್ಕ.

ಗಡುವುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಬ್ಯಾಗಿಗೆ ಹಾನಿ ಆಗಿದ್ದರೆ ಕೈಗೆ ಬಂದ ದಿನದಿಂದ 7 ದಿನದೊಳಗೆ ಲಿಖಿತ ದೂರು. ತಡವಾಗಿ ಬಂದದ್ದಕ್ಕೆ ಬ್ಯಾಗ್ ಕೈಸೇರಿದ ದಿನದಿಂದ 21 ದಿನ. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ, ಅಥವಾ ಅದಕ್ಕೆ ಮುಂಚೆಯೇ ಕಂಪನಿ ಕಳೆದಿದೆ ಅಂತ ಒಪ್ಪಿಕೊಂಡರೆ, ಬ್ಯಾಗ್ ಕಳೆದುಹೋಯಿತು ಅಂತ ಲೆಕ್ಕ. ನ್ಯಾಯಾಲಯಕ್ಕೆ ಹೋಗೋಕೆ 2 ವರ್ಷ. 7 ಮತ್ತು 21ರ ಗಡುವು ತಪ್ಪಿಸಿದರೆ, ಕಂಪನಿ ಮೋಸ ಮಾಡಿದ್ದು ಅಂತ ತೋರಿಸದ ಹೊರತು ದಾವೆಗೆ ದಾರಿ ಇಲ್ಲ.

ಪಿಐಆರ್ ಮಾಡಿಸಿದ್ದೇ ದೂರು ಅಂತ ತುಂಬಾ ಜನ ಸುಮ್ಮನಿರ್ತಾರೆ. ದಾವೆಗಳು ಬಿದ್ದುಹೋಗೋದು ಇಲ್ಲೇ. ಕೌಂಟರಿನ ಕಾಗದ ಹುಡುಕಾಟಕ್ಕೆ. ಪರಿಹಾರದ ದೂರನ್ನು ಕಂಪನಿಯ ವೆಬ್‌ಸೈಟಿನಲ್ಲೋ ಇಮೇಲಿನಲ್ಲೋ ಬೇರೆಯಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಮೊತ್ತದ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಅದಕ್ಕೆ ಮುಂಚೆ 1,288 ಇತ್ತು. ಎಸ್‌ಡಿಆರ್ ಅನ್ನೋದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ, ದರ ಅವರ ತಾಣದಲ್ಲೇ ಸಿಗುತ್ತೆ. ಇದು ಬ್ಯಾಗಿಗಿಷ್ಟು ಅಂತಲ್ಲ, ಪ್ರಯಾಣಿಕರಿಗಿಷ್ಟು. ಇದು ಗರಿಷ್ಠ ಮಿತಿ, ತಾನಾಗಿ ಬರುವ ಮೊತ್ತ ಅಲ್ಲ. ಎಷ್ಟು ನಷ್ಟ ತೋರಿಸ್ತೀರೋ ಅಷ್ಟು, ಅದರಲ್ಲೂ ಹಳೇ ವಸ್ತುವಿಗೆ ಸವಕಳಿ ಕಳೀತಾರೆ. "ನಮ್ಮ ನೀತಿ ಪ್ರಕಾರ ಕೆಜಿಗಿಷ್ಟು" ಅಂತ ಉತ್ತರ ಬಂದರೆ ಅದು ಮಾಂಟ್ರಿಯಲ್‌ಗೆ ಮುಂಚಿನ ವಾರ್ಸಾ ಒಪ್ಪಂದದ, ತೂಕದ ಮೇಲೆ ಲೆಕ್ಕ ಹಾಕುವ ಪದ್ಧತಿಯ ಪಳೆಯುಳಿಕೆ. ಒಪ್ಪಂದದ 26ನೇ ಕಲಂ ಪ್ರಕಾರ ಮಿತಿಯನ್ನು ಇಳಿಸುವ ಯಾವ ಷರತ್ತೂ ಊರ್ಜಿತ ಅಲ್ಲ.

ಹಾಗೇ, ಹಲವು ಕಂಪನಿಗಳ ವಿಮಾನ ಸೇರಿದ ಪ್ರಯಾಣದಲ್ಲಿ "ಅವರನ್ನು ಕೇಳಿ, ಇವರನ್ನು ಕೇಳಿ" ಅಂತ ಓಡಾಡಿಸಿದರೆ 36ನೇ ಕಲಂ ತೋರಿಸಿ. ಬ್ಯಾಗಿನ ವಿಷಯದಲ್ಲಿ ಮೊದಲ ಕಂಪನಿ, ಕೊನೆಯ ಕಂಪನಿ, ಹಾನಿ ಆದ ಹಂತದ ಕಂಪನಿ, ಈ ಮೂವರೂ ಒಟ್ಟಾಗಿ ಹೊಣೆ. ಯಾರ ಮೇಲೆ ದೂರು ಅನ್ನೋ ಆಯ್ಕೆ ಪ್ರಯಾಣಿಕರದ್ದು.

ಚಕ್ರ_ಮೂರು

ಮುರಿದ ಚಕ್ರದ ಉತ್ತರ ಇನ್ನೂ ಬಂದಿಲ್ಲ.

ಕಲಂ_ಹದಿನೇಳು

ಬಂದೆ. ಚಕ್ರ, ಹಿಡಿಕೆ, ಪಟ್ಟಿ ನಮ್ಮ ಹೊಣೆ ಅಲ್ಲ ಅಂತ ಹಲವು ಕಂಪನಿಗಳ ಷರತ್ತುಪತ್ರದಲ್ಲಿ ಇರುತ್ತೆ. ಒಪ್ಪಂದದ 17(2)ರಲ್ಲಿ ವಿನಾಯಿತಿ ಇರೋದು ಬ್ಯಾಗಿನದ್ದೇ ಅಂತರ್ಗತ ದೋಷ, ಗುಣಮಟ್ಟ ಅಥವಾ ಕೊರತೆಯಿಂದ ಆದ ಹಾನಿಗೆ ಮಾತ್ರ. ಸಣ್ಣ ಗೀರು, ಕೊಳೆ, ಸ್ವಲ್ಪ ನೆಗ್ಗು ಸವೆತ ಅನ್ನಬಹುದು, ಅದಕ್ಕೆ ಜಗಳ ಆಡಿ ಫಲ ಇಲ್ಲ. ಚಕ್ರದ ಗೂಡೇ ಕಿತ್ತುಬಂದಿದೆ, ಚಿಪ್ಪು ಸೀಳಿದೆ, ಎಳೆಯುವ ಸರಳು ಬಾಗಿ ಒಳಗೆ ಹೋಗ್ತಾ ಇಲ್ಲ ಅಂದರೆ ಅದು ಸವೆತ ಅಲ್ಲ, ಹಾನಿ.

ಕೌಂಟರಿಗೆ ಅಲ್ಲೇ ತೋರಿಸೋದು ಮುಖ್ಯ. 31ನೇ ಕಲಂ ಪ್ರಕಾರ ತಕರಾರಿಲ್ಲದೆ ಬ್ಯಾಗ್ ಪಡೆದುಕೊಂಡರೆ ಅದು ಸುಸ್ಥಿತಿಯಲ್ಲಿ ಸಿಕ್ಕಿತು ಅಂತ ಮೇಲ್ನೋಟಕ್ಕೆ ಭಾವಿಸಲಾಗುತ್ತೆ. 7 ದಿನದೊಳಗೆ ಆಮೇಲೂ ದೂರು ಕೊಡಬಹುದು, ಆದರೆ ಆಗ ಮುರಿದದ್ದು ವಿಮಾನದಲ್ಲೇ ಅಂತ ತೋರಿಸುವ ಭಾರ ನಿಮ್ಮ ತಲೆ ಮೇಲೆ.

ನಾಲ್ಕು ಫೋಟೋ ತೆಗೆಯಿರಿ: ಇಡೀ ಬ್ಯಾಗ್ ಟ್ಯಾಗ್ ಸಮೇತ, ಹಾನಿ ಹತ್ತಿರದಿಂದ, ತಯಾರಕರ ಲೇಬಲ್, ಹಿನ್ನೆಲೆಯಲ್ಲಿ ಬೆಲ್ಟ್ ಕಾಣುವ ಹಾಗೆ ಒಂದು. ರಿಪೇರಿಯವರಿಂದ "ದುರಸ್ತಿ ಸಾಧ್ಯ, ಇಷ್ಟು ಖರ್ಚು" ಅಥವಾ "ಸಾಧ್ಯವಿಲ್ಲ" ಅಂತ ಲೆಟರ್‌ಹೆಡ್ ಮೇಲೆ ಬರೆಸಿ. ದಾವೆ ತೀರುವ ತನಕ ಬ್ಯಾಗ್ ಬಿಸಾಡಬೇಡಿ, ತಪಾಸಣೆಗೆ ಕೇಳುವ ಹಕ್ಕು ಅವರಿಗಿದೆ.

ಬೆಲ್ಟ್_ನಾಲ್ಕು

ಇದಕ್ಕೆ ಮುಂಚಿನ ಒಂದು ಬಲೆ ಇದೆ. ಚೆಕ್-ಇನ್‌ನಲ್ಲಿ ಬ್ಯಾಗ್ ಮೊದಲೇ ಹಾನಿಯಾಗಿದೆ, ಒಡೆಯುವ ವಸ್ತು ಇದೆ, ಪ್ಯಾಕಿಂಗ್ ಸರಿಯಿಲ್ಲ, ತಡವಾಗಿ ಬಂದಿದ್ದಾರೆ ಅಂತ ಅನ್ನಿಸಿದರೆ ಸಿಬ್ಬಂದಿ ಲಿಮಿಟೆಡ್ ರಿಲೀಸ್ ಟ್ಯಾಗ್‌ಗೆ (ಆ ಕಾರಣಕ್ಕೆ ಆಗುವ ನಷ್ಟಕ್ಕೆ ಕಂಪನಿಯ ಹೊಣೆ ಕಡಿಮೆ ಮಾಡುವ ಚೀಟಿ) ಸಹಿ ಕೇಳ್ತಾರೆ. ಅದರಲ್ಲಿ ಚೌಕಗಳಿರ್ತವೆ, ಯಾವುದಕ್ಕೆ ಟಿಕ್ ಹಾಕಿದ್ದಾರೆ ನೋಡಿ. ಬರೀ ಹಿಡಿಕೆ ಸಡಿಲ ಇದ್ದದ್ದಕ್ಕೆ "ತಡವಾದ ಚೆಕ್-ಇನ್" ಅಂತಲೂ ಟಿಕ್ ಬಿದ್ದಿದ್ದರೆ, ಬ್ಯಾಗ್ ಹಿಂದುಳಿದಾಗ ಅದೇ ಚೀಟಿಯನ್ನು ನಿಮ್ಮ ಮುಂದೆ ಹಿಡೀತಾರೆ. ಅನ್ವಯಿಸದ ಟಿಕ್ ಹೊಡೆದುಹಾಕಿಸಿ ಆಮೇಲೆ ಸಹಿ ಮಾಡಿ.

ಸಂಜೆ_ಫ್ಲೈಟ್

ಬ್ಯಾಗ್ ಬರೋ ತನಕ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಮಾತ್ರೆ ಕೊಂಡರೆ ಯಾರು ಕೊಡ್ತಾರೆ?

ಕಲಂ_ಹದಿನೇಳು

ವಿಳಂಬದಿಂದ ಆದ ನಷ್ಟ ಅಂತ 19ನೇ ಕಲಂ ಅಡಿ ಕೇಳಬಹುದು, ಮೇಲಿನ ಅದೇ ಮಿತಿಯೊಳಗೆ. ವಸ್ತುವಾರು ಬಿಲ್ ಬೇಕು, ಕಾರ್ಡಿನ ಚೀಟಿ ಸಾಲದು. ಅಗತ್ಯ ಅನ್ನೋದನ್ನು ಪ್ರಯಾಣದ ಉದ್ದೇಶದಿಂದ ಅಳೀತಾರೆ: ಮರುದಿನ ಸಭೆ ಇದ್ದರೆ ಅಂಗಿ, ಬೂಟು ನ್ಯಾಯವಾದ ಖರ್ಚು, ಆಮಂತ್ರಣದ ಪ್ರತಿ ಲಗತ್ತಿಸಿ. ವಾಪಸ್ ಮನೆಗೆ ಬಂದ ಪ್ರಯಾಣದಲ್ಲಾದರೆ ಅಷ್ಟು ಸಿಗಲ್ಲ. ಪ್ರಯಾಣ ವಿಮೆ ಇದ್ದರೆ ಎಷ್ಟು ಗಂಟೆ ತಡವಾದ ಮೇಲೆ ಲಾಗೂ ಅಂತ ಪಾಲಿಸಿಯಲ್ಲಿ ನೋಡಿ, ಅದಕ್ಕೂ ಪಿಐಆರ್ ಬೇಕೇ ಬೇಕು. ಒಂದೇ ಬಿಲ್ಲಿಗೆ ಎರಡೂ ಕಡೆ ದುಡ್ಡು ಕೇಳಬೇಡಿ.

ಟರ್ಮಿನಲ್_ಬಿ

ಇಷ್ಟಕ್ಕೂ ಬ್ಯಾಗ್ ತಪ್ಪೋದು ಯಾಕೆ ಅಂತ ಯಾರೂ ಬರೆದಿಲ್ಲ. ವಿಮಾನಯಾನದ ತಂತ್ರಜ್ಞಾನ ಒದಗಿಸುವ ಸೀಟಾ (SITA) ಸಂಸ್ಥೆಯ ವರದಿಗಳ ಪ್ರಕಾರ 2007ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 18.9 ಬ್ಯಾಗ್ ಎಡವಟ್ಟಾಗ್ತಿದ್ದವು, 2024ರಲ್ಲಿ 6.3. ಅತಿ ದೊಡ್ಡ ಕಾರಣ ವಿಮಾನ ಬದಲಾವಣೆ. ನೀವು ಓಡಿ ಹೋಗಿ ಎರಡನೇ ವಿಮಾನ ಹಿಡೀಬಹುದು. ಬ್ಯಾಗ್ ಇಳಿದು, ವಿಂಗಡಣೆಯಾಗಿ, ತಪಾಸಣೆ ಮುಗಿಸಿ, ಗಾಡಿ ಹತ್ತಿ ಬರಬೇಕು. ಒಂದು ಗಂಟೆಗಿಂತ ಕಡಿಮೆ ಅಂತರದ ಸಂಪರ್ಕವನ್ನು ವೆಬ್‌ಸೈಟ್ ಮಾರುತ್ತೆ ಅಂದ ಮಾತ್ರಕ್ಕೆ ಬ್ಯಾಗಿಗೂ ಅದು ಸಾಕು ಅಂತ ನಂಬಬೇಡಿ.

ಎರಡನೇ ಕಾರಣ ಬೇರೆ ಬೇರೆ ಟಿಕೆಟ್. ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇಲ್ಲದಿದ್ದರೆ ಕೊನೆಯ ಊರಿನ ತನಕ ಟ್ಯಾಗ್ ಹಾಕಲೇಬೇಕು ಅಂತ ಇಲ್ಲ. ಟ್ಯಾಗ್ ಹಚ್ಚುವಾಗಲೇ ದೊಡ್ಡ ಅಕ್ಷರದ 3 ಅಕ್ಷರದ ಕೋಡ್ ಓದಿ. ನಡುವಿನ ನಿಲ್ದಾಣದ ಕೋಡೇ ಕೊನೆಯದಾಗಿದ್ದರೆ ಬ್ಯಾಗ್ ಅಲ್ಲೇ ಇಳಿದು ಬೆಲ್ಟ್ ಸುತ್ತುತ್ತಾ ಇರುತ್ತೆ. ಅಮೆರಿಕದಂಥ ದೇಶಗಳಲ್ಲಿ ಸಾಮಾನ್ಯವಾಗಿ ಮೊದಲು ಇಳಿಯುವ ನಿಲ್ದಾಣದಲ್ಲೇ ಬ್ಯಾಗ್ ಪಡೆದು ಕಸ್ಟಮ್ಸ್ ಮುಗಿಸಿ ಮತ್ತೆ ಕೊಡಬೇಕು, ಟ್ಯಾಗಿನಲ್ಲಿ ಕೊನೆಯ ಊರಿನ ಹೆಸರಿದ್ದರೂ.

ಮೂರನೆಯದು ಹಳೇ ಟ್ಯಾಗು, ಹಳೇ ಬಾರ್‌ಕೋಡ್ ಸ್ಟಿಕರ್. ಸ್ಕ್ಯಾನರ್‌ಗೆ ಎರಡು ಸಂಖ್ಯೆ ಕಂಡರೆ ಬ್ಯಾಗ್ ಕೈಯಿಂದ ವಿಂಗಡಿಸುವ ಸಾಲಿಗೆ ಹೋಗುತ್ತೆ, ಅಲ್ಲೇ ಸಮಯ ಹೋಗೋದು. ಎಲ್ಲವನ್ನೂ ಕೆರೆದು ತೆಗೀರಿ.

ಚಕ್ರ_ಮೂರು

ಬ್ಯಾಗ್ ಕೊಳ್ಳುವವರಿಗೆ ನನ್ನ ಮಾತು: ಚೆಕ್-ಇನ್‌ಗೆ ನಾಲ್ಕು ಚಕ್ರದ ಸ್ಪಿನ್ನರ್‌ಗಿಂತ ದೇಹದೊಳಗೆ ಅರ್ಧ ಹುದುಗಿದ ಎರಡು ಚಕ್ರದ್ದು ಹೆಚ್ಚು ಬಾಳುತ್ತೆ. ಹೊರಗೆ ಚಾಚಿದ ಕಾಲು ಎಸೆತಕ್ಕೆ ಮುರಿಯುತ್ತೆ. ಚಕ್ರ ಸ್ಕ್ರೂನಲ್ಲಿ ಕೂತಿದ್ದರೆ ಬದಲಿಸಬಹುದು, ರಿವೆಟ್ ಹೊಡೆದಿದ್ದರೆ ಕಷ್ಟ. ಪಾಲಿಕಾರ್ಬೊನೇಟ್ ಚಿಪ್ಪು ಬಾಗಿ ಮತ್ತೆ ಎದ್ದುಕೊಳ್ಳುತ್ತೆ, ಎಬಿಎಸ್ ಪ್ಲಾಸ್ಟಿಕ್‌ನದ್ದು ಸೀಳುತ್ತೆ. ಜಿಪ್ಪಿಗೆ ಹಾಕಿದ ಬೀಗ ಮನಸ್ಸಿನ ಸಮಾಧಾನಕ್ಕೆ ಅಷ್ಟೇ. ಬಾಲ್‌ಪೆನ್ ಮೊನೆ ಚುಚ್ಚಿದರೆ ಜಿಪ್ಪಿನ ಹಲ್ಲು ಬಿಡುತ್ತೆ, ಜಿಪ್ಪಿನ ತಲೆಯನ್ನು ಹಿಂದೆಮುಂದೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತೆ.

ಅಳತೆ: ಉದ್ದ, ಅಗಲ, ದಪ್ಪ ಸೇರಿ 158 ಸೆಂಮೀ ಅನ್ನೋದು ಹೆಚ್ಚಿನವರ ಮಿತಿ, ಚಕ್ರ ಹಿಡಿಕೆ ಸೇರಿ. ಅಂಗಡಿಯ ಲೇಬಲಿನಲ್ಲಿ 75×50×30 ಇದ್ದರೆ 155 ಅಂತ ಖುಷಿಪಡಬೇಡಿ, ಚಕ್ರ 4-5 ಸೆಂಮೀ ಸೇರಿಸುತ್ತೆ. ತೂಕದಲ್ಲಿ ಒಂದೇ ಬ್ಯಾಗ್ 32 ಕೆಜಿ ಮೀರಿದರೆ ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತಗೊಳ್ಳಲ್ಲ. ಎತ್ತುವವರ ಬೆನ್ನಿನ ಸುರಕ್ಷತೆಗಾಗಿ ಇಟ್ಟ ಮಿತಿ ಅದು, ಅಲ್ಲಿ ವಾದ ಮಾಡೋದು ತರವಲ್ಲ.

ನೀಲಿ_ಟ್ರಾಲಿ

ಗೇಟಿನಲ್ಲಿ "ಮೇಲೆ ಜಾಗ ಇಲ್ಲ" ಅಂತ ಕ್ಯಾಬಿನ್ ಬ್ಯಾಗ್ ಕಿತ್ತುಕೊಳ್ತಾರಲ್ಲ, ಅದಕ್ಕೇನು?

ಟರ್ಮಿನಲ್_ಬಿ

ತಡೆಯೋಕೆ ಆಗಲ್ಲ, ತಯಾರಾಗಿರಬಹುದು. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಇ-ಸಿಗರೇಟ್ ಕೆಳಗಿನ ಸರಕು ಕೋಣೆಗೆ ಹೋಗುವಂತಿಲ್ಲ, ಗೇಟಿನಲ್ಲೂ ಅದೇ ನಿಯಮ. ಅವು, ಪಾಸ್‌ಪೋರ್ಟ್, ಮಾತ್ರೆ, ಕೀಲಿ ಎಲ್ಲವೂ ಒಂದೇ ಸಣ್ಣ ಚೀಲದಲ್ಲಿ ಬ್ಯಾಗಿನ ಬಾಯಲ್ಲೇ ಇರಲಿ, ಎಳೆದ ಕೂಡಲೇ ಬರಬೇಕು. ಪವರ್ ಬ್ಯಾಂಕಿಗೆ 100 ವ್ಯಾಟ್-ಅವರ್ ತನಕ ತೊಂದರೆ ಇಲ್ಲ, 160ರ ತನಕ ಕಂಪನಿಯ ಒಪ್ಪಿಗೆ ಬೇಕು. ಅದರ ಮೇಲೆ ಬರೆದಿರುವ ಎಂಎಎಚ್ (mAh) ಅಂಕಿಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ: 20,000ದ್ದು 74 ಆಗುತ್ತೆ. ಮೇಲೆ ಬರೆದ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಕಸಿದುಕೊಳ್ಳಬಹುದು.

ಗೇಟಿನಲ್ಲಿ ಹಚ್ಚುವ ಟ್ಯಾಗಿಗೂ ರಸೀದಿ ಕೇಳಿ ಪಡೀರಿ. ವಾಪಸ್ ಕೊಡೋದು ವಿಮಾನದ ಬಾಗಿಲಲ್ಲೋ ಬೆಲ್ಟಲ್ಲೋ ಅಂತಲೂ ಕೇಳಿ. ಮಗುವಿನ ತಳ್ಳುಗಾಡಿ ವಿಷಯದಲ್ಲಿ ಈ ಗೊಂದಲ ದಿನನಿತ್ಯದ್ದು.

ಕಿಟಕಿ_ಪಕ್ಕ

ಬ್ಯಾಗ್ ಸಾಕಷ್ಟಾಯಿತು. ಸೀಟಿನ ವಿಷಯಕ್ಕೆ ಬರೋಣ.

ಮೂವತ್ತೊಂದಿಂಚು

ಸೀಟ್ ಪಿಚ್ ಅಂದರೆ ಕಾಲಿಗೆ ಸಿಗುವ ಜಾಗ ಅಲ್ಲ. ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿನ ತನಕದ ದೂರ. ಎಕಾನಮಿಯಲ್ಲಿ 28ರಿಂದ 32 ಇಂಚು, ಅಂದರೆ 71ರಿಂದ 81 ಸೆಂಮೀ. ಬೆನ್ನಿನ ಭಾಗ ತೆಳ್ಳಗಿದ್ದರೆ 29 ಇಂಚಿನಲ್ಲೂ ಮೊಣಕಾಲು ಬಚಾವ್. ಆದರೆ ಆ ತೆಳು ಸೀಟಿನ ಮೆತ್ತೆಯೂ ತೆಳು, ಮೂರು ಗಂಟೆ ದಾಟಿದರೆ ಸೊಂಟ ಹೇಳುತ್ತೆ. ಅಗಲದಲ್ಲಿ ಏರ್‌ಬಸ್ 320 ಸುಮಾರು 18 ಇಂಚು, ಬೋಯಿಂಗ್ 737 ಸುಮಾರು 17. ಸಾಲಿಗೆ 10 ಸೀಟು ಹಾಕಿದ 777ರಲ್ಲೂ 17ರ ಆಸುಪಾಸು. ಟಿಕೆಟ್ ಬೆಲೆ ಹೆಚ್ಚುಕಡಿಮೆ ಒಂದೇ ಇದ್ದಾಗ ವಿಮಾನದ ಮಾದರಿ ನೋಡಿ ಆರಿಸೋದು ಲಾಭ.

ದುಡ್ಡು ಕೊಡುವ ಮುಂಚೆ ಇವು ಗೊತ್ತಿರಲಿ. ರೆಕ್ಕೆ ಮೇಲಿನ ತುರ್ತು ಬಾಗಿಲ ಸಾಲು ಎರಡಿದ್ದರೆ ಮುಂದಿನದು ಹಿಂದೆ ಒರಗಲ್ಲ, ಎರಡನೆಯದು ಒಳ್ಳೇದು. ಅಲ್ಲಿ ಟ್ರೇ ಕೈಹಿಡಿಯೊಳಗೆ (ಆರ್ಮ್‌ರೆಸ್ಟ್) ಅಡಗಿದ್ದರೆ ಕೈಹಿಡಿ ಎತ್ತೋಕೆ ಬರಲ್ಲ, ಸೀಟೂ ಸ್ವಲ್ಪ ಕಿರಿದು. ಗೋಡೆ ಎದುರಿನ ಮೊದಲ ಸಾಲಿನಲ್ಲಿ ಮುಂದೆ ಬ್ಯಾಗ್ ಇಡೋ ಹಾಗಿಲ್ಲ, ಕಾಲು ಪೂರ್ತಿ ಚಾಚೋಕೂ ಗೋಡೆ ಅಡ್ಡ. ಹಲವು 737ರಲ್ಲಿ ರೆಕ್ಕೆಯ ಮುಂಚಿನ ಒಂದು ಸಾಲಿಗೆ ಕಿಟಕಿಯೇ ಇಲ್ಲ, ಹವಾನಿಯಂತ್ರಣದ ಕೊಳವೆ ಅಲ್ಲಿ ಮೇಲಕ್ಕೆ ಹೋಗುತ್ತೆ. ಆದರೂ "ಕಿಟಕಿ ಸೀಟು" ಅಂತಲೇ ದುಡ್ಡು!

ಓಣಿ ಪಕ್ಕದ ಕೈಹಿಡಿ ಎತ್ತೋಕೆ ಬರಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಸೀಟುಗಳಲ್ಲಿ ಅದರ ಕೆಳಭಾಗದಲ್ಲಿ, ಹಿಂದೆ ಕೀಲಿನ ಹತ್ತಿರ, ಬೆರಳಿಗೆ ಸಿಗುವ ಸಣ್ಣ ಗುಂಡಿಯೋ ಪಟ್ಟಿಯೋ ಇರುತ್ತೆ. ಅದನ್ನು ಒತ್ತಿ ಹಿಡಿದು ಎತ್ತಿ. ವಿಮಾನ ಮೇಲೇರುವಾಗ, ನೆಲಕ್ಕಿಳಿಯುವಾಗ ಕೈಹಿಡಿ ಕೆಳಗೇ ಇರಬೇಕು.

ಸಂಜೆ_ಫ್ಲೈಟ್

ಸೀಟು ಹಿಂದಕ್ಕೆ ಒರಗಿಸೋರ ಬಗ್ಗೆ ಒಂದು ನಿಯಮ ಬರೆಯಿರಿ ಗುರುಗಳೇ.

ಮೂವತ್ತೊಂದಿಂಚು

ಊಟದ ಟ್ರೇ ಇದ್ದಾಗ ನೆಟ್ಟಗೆ, ದೀಪ ಆರಿಸಿದ ಮೇಲೆ ಅವರ ಇಷ್ಟ. ಗುಂಡಿ ಕೊಟ್ಟಿರೋದು ಕಂಪನಿ, ಜಗಳ ಮಾತ್ರ ಪ್ರಯಾಣಿಕರದ್ದು. ಮೊಣಕಾಲಿನಿಂದ ಒತ್ತೋದು, ತಡೆಯುವ ಕ್ಲಿಪ್ ಸಿಕ್ಕಿಸೋದು ಬೇಡ, ಸಿಬ್ಬಂದಿ ಅದನ್ನು ಒಪ್ಪಲ್ಲ.

ಮೈಗೆ ಹಿತದ ಮಾತು: ಕ್ಯಾಬಿನ್ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿ. ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ್ದರ ತನಕ ಇಳಿಯಬಹುದು. ಬೋಯಿಂಗ್ 787, ಏರ್‌ಬಸ್ ಎ350ರಲ್ಲಿ ಸುಮಾರು 1,800. ದೂರದ ಪ್ರಯಾಣದಲ್ಲಿ ಆಯಾಸದ ವ್ಯತ್ಯಾಸ ತಿಳಿಯುತ್ತೆ. 4 ಗಂಟೆ ಮೀರಿ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಆರೋಗ್ಯವಂತರಲ್ಲಿ ಅದು 6,000ಕ್ಕೆ ಒಬ್ಬರ ಲೆಕ್ಕ, ಗಾಬರಿ ಬೇಡ. ಎದ್ದು ಓಡಾಡಿ, ಪಾದ ಮೇಲೆ ಕೆಳಗೆ ಆಡಿಸಿ. ಹಿಂದೆ ಈ ತೊಂದರೆ ಆಗಿದ್ದವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ನೀಲಿ_ಟ್ರಾಲಿ

ದುಡ್ಡು ಕೊಟ್ಟ ಸೀಟು ಬದಲಾಯಿಸಿಬಿಟ್ಟರೆ?

ಹತ್ತಂಕಿ_ಟ್ಯಾಗ್

ವಿಮಾನದ ಮಾದರಿ ಬದಲಾದಾಗ ಹೀಗಾಗುತ್ತೆ. ಸೀಟಿನ ಶುಲ್ಕಕ್ಕೆ ಟಿಕೆಟಿನ ಹಾಗೇ 13 ಅಂಕಿಯ ಇಎಂಡಿ ಅನ್ನೋ ಪ್ರತ್ಯೇಕ ದಾಖಲೆ ಹುಟ್ಟಿರುತ್ತೆ, ಪಾವತಿ ಇಮೇಲಿನಲ್ಲಿ ಹುಡುಕಿ. ಮರುಪಾವತಿ ಕೇಳುವಾಗ ಟಿಕೆಟ್ ಸಂಖ್ಯೆ ಕೊಟ್ಟರೆ "ಪ್ರಯಾಣ ಪೂರ್ಣಗೊಂಡಿದೆ" ಅಂತ ಮುಚ್ಚಿಬಿಡ್ತಾರೆ. ಇಎಂಡಿ ಸಂಖ್ಯೆ, ಹಳೇ ಸೀಟು, ಹೊಸ ಬೋರ್ಡಿಂಗ್ ಪಾಸಿನ ಫೋಟೋ, ಈ ಮೂರು ಕೊಡಿ.

ಸಾಲು_ಒಂದು

ಗಾಲಿಕುರ್ಚಿ ಬಳಸುವವರ ವಿಷಯ ಸೇರಿಸದೆ ಈ ಚರ್ಚೆ ಮುಗಿಸಬೇಡಿ. ಮಾಂಟ್ರಿಯಲ್ ಒಪ್ಪಂದದ ಲೆಕ್ಕದಲ್ಲಿ ಗಾಲಿಕುರ್ಚಿಯೂ ಬ್ಯಾಗೇಜೇ, ಮಿತಿಯೂ ಅದೇ 1,519 ಎಸ್‌ಡಿಆರ್. ವಿದ್ಯುತ್ ಕುರ್ಚಿಯ ಬೆಲೆ ಅದರ ಎಷ್ಟೋ ಪಟ್ಟು. ಇದನ್ನು ದಾಟೋಕೆ 22(2)ನೇ ಕಲಂ ಅಡಿ ಬ್ಯಾಗ್ ಒಪ್ಪಿಸುವಾಗಲೇ ವಿಶೇಷ ಮೌಲ್ಯ ಘೋಷಣೆ ಮಾಡಬೇಕು. ಕಂಪನಿ ಅದಕ್ಕೆ ಶುಲ್ಕ ಕೇಳಬಹುದು. ಘೋಷಣೆಯ ಸಹಿ ಮಾಡಿದ ಪ್ರತಿ ಕೈಯಲ್ಲಿರಲಿ. ಕೌಂಟರಿನವರಿಗೆ ಈ ನಮೂನೆಯೇ ಗೊತ್ತಿರಲ್ಲ, ಆದ್ದರಿಂದ ಮೊದಲೇ ಇಮೇಲ್ ಮಾಡಿ ಒಪ್ಪಿಗೆ ಪಡೆದುಕೊಂಡು ಹೋಗಿ.

ಜಾಯ್‌ಸ್ಟಿಕ್, ಮೆತ್ತೆ, ಕಾಲಿಡುವ ಹಲಗೆ ಬಿಚ್ಚಿ ಕ್ಯಾಬಿನ್‌ಗೆ ತಗೊಂಡು ಹೋಗಿ. ಬ್ಯಾಟರಿ ಯಾವ ಬಗೆ, ಎಷ್ಟು ವ್ಯಾಟ್-ಅವರ್, ಕುರ್ಚಿಯ ತೂಕ ಎಷ್ಟು, ಮೋಟಾರ್ ಕಳಚಿ ಕೈಯಿಂದ ತಳ್ಳಲು ಯಾವ ಲಿವರ್ ತಿರುಗಿಸಬೇಕು, ಎಲ್ಲಿ ಹಿಡಿದು ಎತ್ತಬಾರದು: ಇಷ್ಟನ್ನು ಒಂದು ಹಾಳೆಯಲ್ಲಿ ಚಿತ್ರ ಸಮೇತ ಲ್ಯಾಮಿನೇಟ್ ಮಾಡಿಸಿ ಕುರ್ಚಿಯ ಬೆನ್ನಿಗೆ ಕಟ್ಟಿ. ಮಡಚಿದಾಗಿನ ಎತ್ತರವನ್ನೂ ಬರೆಯಿರಿ. 737ರಂಥ ವಿಮಾನದ ಸರಕು ಬಾಗಿಲು ಒಂದು ಮೀಟರಿಗಿಂತ ಗಿಡ್ಡ, ನಿಲ್ಲಿಸಿ ಹೋಗದ ಕುರ್ಚಿಯನ್ನು ಮಲಗಿಸಿ ತಳ್ತಾರೆ. ಕುರ್ಚಿಯ ಬೆನ್ನು ಮಡಚುವ ಬೋಲ್ಟಿನ ಅಲೆನ್ ಕೀಯನ್ನು (ಬೋಲ್ಟ್ ತಿರುಗಿಸುವ ಆರು ಮೂಲೆಯ ಸರಳು) ಅದೇ ಹಾಳೆಯ ಜೊತೆ ಚೀಲದಲ್ಲಿ ಹಾಕಿಡಿ.

ಬೆಲ್ಟ್_ನಾಲ್ಕು

ಅದಕ್ಕೆ ಒಂದೇ ತಿದ್ದುಪಡಿ: ಅಲೆನ್ ಕೀ ಚೀಲ ಕಿತ್ತುಹೋಗುತ್ತೆ. ಕುರ್ಚಿಯ ಚೌಕಟ್ಟಿಗೇ ಕೇಬಲ್ ಟೈನಲ್ಲಿ ಬಿಗಿಯಿರಿ, ಇನ್ನೊಂದನ್ನು ಚೆಕ್-ಇನ್ ಬ್ಯಾಗಲ್ಲಿ ಇಡಿ. ಕ್ಯಾಬಿನ್‌ಗೆ ತಂದರೆ ಉಪಕರಣ ಅಂತ ತಪಾಸಣೆಯಲ್ಲಿ ತಡೆಯಬಹುದು.